ಗೋಡೆಗೆ ಗುರಿ

ಬೆಳಿಗ್ಗೆ ಐದೂವರೆಗೆ, ಹಾಲಿನವನು ಬರುವ ಮುಂಚೆ, ನಮ್ಮ ನಡುಮನೆಯ ಬಿಳಿ ಗೋಡೆಯೆದುರು ಏರ್ ಪಿಸ್ತೂಲು ಹಿಡಿದು ನಿಲ್ಲುತ್ತೇನೆ. ಒಳಗೆ ಪೆಲೆಟ್, ಅಂದರೆ ಪುಟ್ಟ ಗುಂಡು, ಇಲ್ಲವೆಂದು ಎರಡು ಸಲ ನೋಡಿಕೊಂಡು, ಡ್ರೈ ಫೈರಿಗೆ, ಅಂದರೆ ಗುಂಡಿಲ್ಲದ ಅಭ್ಯಾಸಕ್ಕೆ, ತಿರುಗಿಸಿ, ಕೈ ಎತ್ತಿ, ಅರ್ಧ ಉಸಿರು ಬಿಟ್ಟು ಟ್ರಿಗರ್ ಒತ್ತುತ್ತೇನೆ. ಟಿಕ್. ಕೈ ಇಳಿಸಿ ಮತ್ತೆ ಎತ್ತುತ್ತೇನೆ.

"ಗೋಡೆ ಇನ್ನೂ ಶರಣಾಗ್ಲಿಲ್ವಾ?" ಅಡುಗೆಮನೆಯಿಂದ ನನ್ನವಳು.

ತುಮಕೂರಲ್ಲಿ ಬೆಳೆದ ನನಗೆ ಗುರಿ ಎಂದರೆ ಹುಣಸೆಕಾಯಿ. ಕಲ್ಲು ಕೈಯಲ್ಲಿ, ಕಣ್ಣು ಕಾಯಲ್ಲಿ. ಬೆಂಗಳೂರಿನ ಶೂಟಿಂಗ್ ರೇಂಜಿಗೆ ಹೋದ ಮೊದಲ ದಿನವೇ ಕೋಚ್ ಅಂದರು: "ಗುರಿ ನೋಡಬೇಡಿ, ಮುಂದಿನ ಸೈಟ್ ನೋಡಿ." ಸೈಟ್ ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಇರುವ ಗುರುತು. ಕಣ್ಣಿಗೆ ಒಂದು ಹೊತ್ತಿಗೆ ಒಂದೇ ದೂರ ನಿಚ್ಚಳ. ಎರಡು ಸೈಟುಗಳ ನಡುವೆ ಹೆಚ್ಚುಕಮ್ಮಿ ಒಂದಡಿ. ಅಲ್ಲಿ ಒಂದು ಮಿಲಿಮೀಟರ್ ಓರೆಯಾದರೆ 10 ಮೀಟರ್ ಆಚೆ ಮೂವತ್ತು ಮಿಲಿಮೀಟರ್ ತಪ್ಪುತ್ತದೆ. ಹತ್ತು ಅಂಕ ಕೊಡುವ ನಡುವಿನ ವೃತ್ತವೋ ಅಂಗಿ ಗುಂಡಿಯಷ್ಟು, 11.5 ಮಿಲಿಮೀಟರ್. ಹತ್ತು ಹೋಗಿ ಆರೋ ಏಳೋ ಆಗುತ್ತದೆ. ಗುರಿ ಮಬ್ಬಾಗಿದ್ದರೂ ಚಿಂತೆಯಿಲ್ಲ. ಹಕ್ಕಿಯ ಕಣ್ಣೊಂದೇ ಕಾಣುತ್ತಿದೆ ಎಂದ ಅರ್ಜುನನನ್ನು ನಮ್ಮ ಕೋಚ್ ಮೊದಲ ಬಸ್ಸಿಗೇ ಮನೆಗೆ ಕಳಿಸುತ್ತಿದ್ದರು.

ಹೋದ ವರ್ಷ ನಾದಿನಿ ಮಗಳ ಮದುವೆ ಗಲಾಟೆಯಲ್ಲಿ ಮೂರು ವಾರ ಪಿಸ್ತೂಲು ಪೆಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ರೇಂಜಿಗೆ ಹೋದರೆ ತೋಳು ನನ್ನದಲ್ಲ, ಬೆರಳಂತೂ ಯಾರದೋ. ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು, ಒಂದೇ ಕೈಯಲ್ಲಿ. ನನಗೆ ಇಪ್ಪತ್ತಕ್ಕೇ ಭುಜ ನಡುಗಿತು. 500 ಗ್ರಾಂ ಒತ್ತಡಕ್ಕೆ ಮಿಡಿಯುವ ಟ್ರಿಗರನ್ನು ಮೆತ್ತಗೆ ಒತ್ತಬೇಕಾದ ಬೆರಳು ಬಾಗಿಲ ಚಿಲಕ ಎಳೆದಂತೆ ಎಳೆಯುತ್ತಿತ್ತು. ಅಂದಿನಿಂದ ಈ ಗೋಡೆ. ನಿಜ ಹೇಳಬೇಕೆಂದರೆ ಗುಂಡು ಹಾರಿಸುವುದಕ್ಕಿಂತ ಇದೇ ಕಠಿಣ. ಹಾರಿಸಿದಾಗ ಸದ್ದಿನಲ್ಲಿ ಬೆರಳಿನ ಕಳ್ಳತನ ಮುಚ್ಚಿಹೋಗುತ್ತದೆ. ಬರೀ ಟಿಕ್ ಅಂದಾಗ ಸೈಟು ಜಿಗಿದದ್ದು ಕಣ್ಣಿಗೆ ಹೊಡೆಯುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪಿಸ್ತೂಲು ಶೂಟರ್ ಮನು ಭಾಕರ್ ಕಂಚು ಗೆದ್ದಾಗ ಇವಳೂ ಟೀವಿ ಮುಂದೆ ಕೂತಿದ್ದಳು. "ಆ ಹುಡುಗಿ ಇನ್ನೊಂದು ಕೈ ಜೇಬಲ್ಲಿಟ್ಟಿದೆ. ನಿಮ್ಮದ್ಯಾಕೆ ಗಾಳೀಲಿ ಈಜ್ತಿರುತ್ತೆ?" ಅಂದಳು. ಸುಮ್ಮನಿರದ ಕೈ ಮೈಯನ್ನೆಲ್ಲ ತೂಗಿಸುತ್ತದೆ, ಮಾತು ಸರಿಯೇ. ಆದರೆ ಪಂಚೆಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಈಗ ಹೊಸ ಪಾಠ: ಪಿಸ್ತೂಲಿನ ನಳಿಗೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಟ್ರಿಗರ್ ಒತ್ತುವುದು. ಬೆರಳು ಎಳೆದರೆ ನಾಣ್ಯ ನೆಲಕ್ಕೆ, ಠಣ್. ಅಡುಗೆಮನೆಯಲ್ಲಿ ಲೆಕ್ಕ ನಡೆಯುತ್ತಿರುತ್ತದೆ. "ಇವತ್ತು ಏಳು. ನಿನ್ನೆ ನಾಲ್ಕೇ ಬಿದ್ದಿದ್ದು."

ಮೊನ್ನೆ ಮೆಟ್ಟಿಲಲ್ಲಿ ಸಿಕ್ಕ ಕೆಳಮನೆಯವರು ಸಂಕೋಚದಿಂದಲೇ ಕೇಳಿದರು: "ಸಾರ್, ಬೆಳಬೆಳಿಗ್ಗೆ ದಿನಾ ಚಿಲ್ಲರೆ ಎಣಿಸ್ತೀರಲ್ಲ, ಅಂಗಡಿ ಇಟ್ಟಿದ್ದೀರಾ?"