ಕೆಜಿಎಫ್‌ಗೆ ಇನ್ನೂ ಬೇರೆ ಎಸ್‌ಪಿ ಬೇಕೆ?

ಕೆಜಿಎಫ್ ಪೊಲೀಸ್ ಜಿಲ್ಲೆಯನ್ನು ಕೋಲಾರಕ್ಕೆ ಸೇರಿಸಿ, ಉಳಿಯುವ ಹಣವನ್ನು ನೊಂದ ಮಹಿಳೆಯರ ಸಾಂತ್ವನ ಕೇಂದ್ರ, ಮಾನಸಿಕ ಆರೋಗ್ಯದಂಥ ಸೇವೆಗಳಿಗೆ ಕೊಡಬೇಕೆ?

ಪರ

ಕೋಲಾರ ಜಿಲ್ಲೆಗೆ ಜಿಲ್ಲಾಧಿಕಾರಿ ಒಬ್ಬರೇ, ಎಸ್‌ಪಿ ಮಾತ್ರ ಇಬ್ಬರು. ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಕಾರಣ ಚಿನ್ನ. 1880ರಲ್ಲಿ ಬ್ರಿಟಿಷರ ಜಾನ್ ಟೇಲರ್ ಗಣಿ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಅದಿರಿಗೂ ಕಾವಲು, ಅದನ್ನು ಅಗೆಯುವವನ ಜೇಬಿಗೂ ಕಾವಲು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಸ್‌ಪಿ ಕಚೇರಿ ಮುಚ್ಚಲಿಲ್ಲ.

ಈಗ ಇಲ್ಲಿ ಕದಿಯಲು ಏನಿದೆ? ಚಿನ್ನ ತೆಗೆದ ಮೇಲೆ ಉಳಿದ ಸಯನೈಡ್ ಮಣ್ಣಿನ ದಿಬ್ಬಗಳನ್ನು ಯಾರೂ ಹೊತ್ತೊಯ್ಯುವುದಿಲ್ಲ. ಇರುವುದೆಲ್ಲ ಮನೆಯೊಳಗಿನ ಕಷ್ಟ: ನಸುಕಿಗೇ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಸುಸ್ತಾಗಿ ಬರುವವರು, ಕುಡಿತ, ಸಾಲ, ಹೊಡೆತ.

ನಮ್ಮ ಲೈನ್‌ನಲ್ಲಿ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳಲ್ಲಿ, ಹೋದ ವರ್ಷ ಮನಸ್ಸಿನ ಸ್ಥಿಮಿತ ತಪ್ಪಿದ ಹುಡುಗನೊಬ್ಬ ರಾತ್ರಿ ಒಂದು ಗಂಟೆಗೆ ಮನೆಯ ಪಾತ್ರೆಗಳನ್ನೆಲ್ಲ ಬೀದಿಗೆ ಎಸೆಯತೊಡಗಿದ. 112ಕ್ಕೆ ಫೋನ್ ಮಾಡಿದೆವು. ಜೀಪು ಬೇಗನೇ ಬಂತು, ಸುಳ್ಳು ಹೇಳಬಾರದು. ಇಳಿದವರ ಕೈಯಲ್ಲಿ ಲಾಠಿ, ಬಾಯಲ್ಲಿ ‘ಲೇ’. ಅವನನ್ನು ಹಿಂದಿನ ಸೀಟಿಗೆ ನೂಕಿದರು. ಅವನ ತಾಯಿ ಮಗನ ಚಪ್ಪಲಿ ಕೈಯಲ್ಲಿ ಹಿಡಿದು ಜೀಪಿನ ಹಿಂದೆ ಓಡಿದ್ದನ್ನು ನಾನು ಕಣ್ಣಾರೆ ಕಂಡೆ. ಇಂಥವರನ್ನು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಕರೆದೊಯ್ಯಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ಕರೆದೊಯ್ಯುವ ಕೆಲಸ ಬಿದ್ದಿರುವುದು ಪೊಲೀಸರ ತಲೆಗೇ. ಅದಕ್ಕೆ ತರಬೇತಿ ಪಡೆದವರೊಬ್ಬರು ಆ ಜೀಪಿನಲ್ಲಿ ಇದ್ದಿದ್ದರೆ?

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಗತಿಯೂ ಅಷ್ಟೇ. ಅದರ ಸಂರಕ್ಷಣಾಧಿಕಾರಿ ಯಾರು? ನಮ್ಮ ಸಿಡಿಪಿಒ, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿಗಳ ಮೊಟ್ಟೆಯ ಲೆಕ್ಕದ ಜೊತೆಗೆ ಇದೂ ಒಂದು ಹೆಚ್ಚುವರಿ ಹೊಣೆ. ಎಸ್‌ಪಿ ಕಚೇರಿಯ ಖರ್ಚಿನಲ್ಲಿ ಇಬ್ಬರು ಆಪ್ತಸಮಾಲೋಚಕಿಯರನ್ನೂ ಒಂದು ರಾತ್ರಿ ಗಾಡಿಯನ್ನೂ ಇಡಬಹುದು. ಠಾಣೆಗಳು ಇದ್ದಲ್ಲೇ ಇರಲಿ, ಮೇಲಿನ ಕಚೇರಿ ಮಾತ್ರ ಕೋಲಾರಕ್ಕೆ ಹೋಗಲಿ.

ವಿರೋಧ

ನಮ್ಮಪ್ಪ ಇದೇ ಊರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಪಕ್ಷಪಾತ ಇದೆ ಎಂದುಕೊಂಡೇ ಓದಿ.

ಆ ತಾಯಿಯ ಚಪ್ಪಲಿಯ ಮಾತು ನನಗೂ ನಾಟಿತು. ‘ಲೇ’ ಅಂದದ್ದು ತಪ್ಪು. ಆದರೆ ಕಚೇರಿ ಕೋಲಾರಕ್ಕೆ ಹೋದರೆ ಲಾಠಿ ಹೋಗುತ್ತದೆಯೇ? ಉಳಿಯುವ ದುಡ್ಡಾದರೂ ಎಲ್ಲಿದೆ? ಪೊಲೀಸ್ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ. ಕಚೇರಿ ಮುಚ್ಚಿದರೆ ಗುಮಾಸ್ತರೂ ಸಶಸ್ತ್ರ ಮೀಸಲು ಪಡೆಯವರೂ ಕೋಲಾರಕ್ಕೆ ವರ್ಗವಾಗುತ್ತಾರೆ, ಸಂಬಳ ಹಾಗೇ ಇರುತ್ತದೆ. ಬೋರ್ಡು ಬದಲಾಯಿಸಿದ ಖರ್ಚು ಬೇರೆ!

ಬೇತಮಂಗಲ, ಕಾಮಸಮುದ್ರದ ಕಡೆ ಹೋಗಿ ನೋಡಿ. ಒಂದು ಕಡೆ ಆಂಧ್ರ, ಇನ್ನೊಂದು ಕಡೆ ತಮಿಳುನಾಡು. ಕದ್ದ ಬೈಕು ಗಡಿ ದಾಟಿದರೆ ಆಂಧ್ರದ ಕುಪ್ಪಂ ಪೊಲೀಸರೊಡನೆ ಮಾತಾಡುವ ಅಧಿಕಾರಿ ಹತ್ತಿರ ಇರಬೇಕು.

ಸಿಡಿಪಿಒಗೆ ಹೆಚ್ಚುವರಿ ಹೊಣೆ ಅನ್ನುವುದು ನಾಚಿಕೆಗೇಡು, ಒಪ್ಪಿದೆ. ಅದಕ್ಕೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲೇ ಪೂರ್ಣಾವಧಿ ಹುದ್ದೆ ಮಾಡಲಿ. ಅಮೆರಿಕದಲ್ಲಿ 2020ರ ಮೇ ತಿಂಗಳಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪುವರ್ಣೀಯ ಪೊಲೀಸರ ಕೈಯಲ್ಲಿ ಸತ್ತ ಮೇಲೆ, ಪೊಲೀಸರ ಅನುದಾನ ಕಡಿತ ಮಾಡಿ ಎಂದು ಕೂಗೆದ್ದಾಗ ಎಲ್ಲರೂ ತೋರಿಸುತ್ತಿದ್ದ ಮಾದರಿ ಒರೆಗಾನ್‌ನ ಯೂಜೀನ್ ನಗರದ್ದು. ಅಲ್ಲಿ 1989ರಿಂದ ಮನಸ್ಸಿನ ಸ್ಥಿಮಿತ ತಪ್ಪಿದವರ ಬಗ್ಗೆ ಬರುವಂಥ ಕರೆಗಳಿಗೆ ಪೊಲೀಸರ ಬದಲು ವೈದ್ಯಕೀಯ ಸಹಾಯಕರ ಗಾಡಿ ಹೋಗುತ್ತಿತ್ತು. 2025ರಲ್ಲಿ ದುಡ್ಡಿನ ತಾಪತ್ರಯದಿಂದ ಆ ನಗರದಲ್ಲಿ ಅದು ನಿಂತಿತು. ಶ್ರೀಮಂತ ದೇಶದ ಕಥೆಯೇ ಇದಾದರೆ, ಗೌರವಧನಕ್ಕೆ ದುಡಿಯುವ ನಮ್ಮ ಸಾಂತ್ವನ ಕೇಂದ್ರದವರನ್ನು ರಾತ್ರಿ ಪಾಳಿಗೆ ಎಷ್ಟು ತಿಂಗಳು ನಡೆಸುತ್ತಾರೆ?

ಅಪ್ಪ ಹೇಳುತ್ತಿದ್ದ ಒಂದು ರಾತ್ರಿ. ಎರಡು ಮಕ್ಕಳನ್ನು ಕಟ್ಟಿಕೊಂಡು ಒಬ್ಬಾಕೆ ಠಾಣೆಗೆ ಬಂದಳು, ಹಣೆ ಒಡೆದಿತ್ತು. “ಕಂಪ್ಲೇಂಟ್ ಬೇಡ ಸಾರ್, ಬೆಳಗಾಗೋವರೆಗೂ ಕೂತಿರ್ತೀನಿ” ಅಂದಳಂತೆ. ಆ ಹೊತ್ತಿನಲ್ಲಿ ಊರಲ್ಲೆಲ್ಲ ಲೈಟು ಉರಿಯುತ್ತಿದ್ದ ಸರ್ಕಾರಿ ಬಾಗಿಲು ಆಸ್ಪತ್ರೆ ಬಿಟ್ಟರೆ ಅದೊಂದೇ. ಅಪ್ಪ ಹಣೆಗೆ ಪಟ್ಟಿ ಹಾಕಿಸಿದರು, ಮಕ್ಕಳಿಗೆ ಬನ್ನು ತರಿಸಿದರು, ಬೆಂಚು ಬಿಟ್ಟುಕೊಟ್ಟರು. ನಸುಕಿಗೆ ಅವಳು ಮಕ್ಕಳನ್ನು ಎಬ್ಬಿಸಿಕೊಂಡು ರೈಲಿಗೆ ಹೊರಟಳು. ಡೈರಿಯಲ್ಲಿ ಏನೂ ಬರೆಯಲಿಲ್ಲವಂತೆ.