ಹಳೇ ಹಾಡು ರೆಕಾರ್ಡಿನಲ್ಲಿ ಇದ್ದ ಹಾಗೇ ಬರಬೇಕಾ?

ಆರ್ಕೆಸ್ಟ್ರಾದವರು ಸೇರಿದ ಕಡೆಯೆಲ್ಲ ಈ ಜಗಳ ಇದ್ದದ್ದೇ. ಇಲ್ಲಿ ಪರ ಬರೆದವರು ಮೈಸೂರಿನ ಕೀಬೋರ್ಡ್ ವಾದಕರು. ಅವರ ಬರಹ ಓದಿ ವಿರೋಧ ಬರೆದವರು ಮಂಡ್ಯದ ಗಾಯಕಿ.

ಪರ: ಇದ್ದ ಹಾಗೇ ಬರಬೇಕು

ನನ್ನ ಉತ್ತರ ನೇರ. ಬರಬೇಕು. ಪಲ್ಲವಿ, ಚರಣ ಸರಿಯಾಗಿದ್ದರೆ ಸಾಲದು, ನಡುವೆ ಬರುವ ಕೊಳಲು, ಪಿಟೀಲು, ಗಿಟಾರಿನ ಬಿಟ್‌ಗಳೂ ಹಾಗೇ ಬರಬೇಕು. ಹಾಡು ಅಂದರೆ ಬಾಯಲ್ಲಿ ಹೇಳುವ ಸಾಲು ಮಾತ್ರ ಅಂದುಕೊಂಡವರು ಒಮ್ಮೆ ನಮ್ಮ ಯಾವುದಾದರೂ ಬಡಾವಣೆಯ ಗಣಪತಿ ಪೆಂಡಾಲ್ ಮುಂದೆ ನಿಂತು ನೋಡಲಿ. 'ಎಂದೆಂದೂ ನಿನ್ನನು ಮರೆತು' ಶುರುವಾದರೆ, ಗಾಯಕರು ನಿಲ್ಲಿಸಿದ ಕಡೆ ಜನ ನಿಲ್ಲಿಸೋದಿಲ್ಲ. ನಡುವಿನ ಬಿಟ್ ಅನ್ನೂ ಬಾಯಲ್ಲೇ ಗುನುಗುತ್ತಾರೆ, ತಲೆ ಆಡಿಸುತ್ತಾರೆ. ಆ ಜಾಗದಲ್ಲಿ ನಾವು ಬೇರೇನೋ ನುಡಿಸಿದರೆ ಗುನುಗು ಅಲ್ಲಿಗೇ ನಿಂತು ಹೋಗುತ್ತೆ. ಅವರದ್ದನ್ನು ನಾವು ಕಿತ್ತುಕೊಂಡ ಹಾಗೆ, ಅಲ್ವಾ?

ಮೈಸೂರಿನವರಿಗೆ ಇದು ಊರಿನ ಮಾತು ಕೂಡ. ಆ ಹಾಡಿಗೆ ಸಂಗೀತ ಕೊಟ್ಟ ರಾಜನ್-ನಾಗೇಂದ್ರ ನಮ್ಮ ಶಿವರಾಂಪೇಟೆಯವರು. 1952ರಲ್ಲಿ 'ಸೌಭಾಗ್ಯ ಲಕ್ಷ್ಮಿ'ಯಿಂದ ಶುರು ಮಾಡಿ, 'ನ್ಯಾಯವೇ ದೇವರು', 'ಗಂಧದ ಗುಡಿ', 'ಎರಡು ಕನಸು' ಅಂತ ಒಂದಾದ ಮೇಲೆ ಒಂದು ಕೊಟ್ಟರು. ಸಿನಿಮಾ ಟೈಟಲ್‌ನಲ್ಲಿ ಅವರಿಬ್ಬರ ಹೆಸರು ಬರುತ್ತೆ, ಹಾಡಿದವರ ಹೆಸರು ಬರುತ್ತೆ. ಆದರೆ ಪಿಟೀಲು ನುಡಿಸಿದವರು, ಕೊಳಲು ಊದಿದವರು, ಢೋಲಕ್ ಹಿಡಿದವರು ಯಾರು? ಹೆಚ್ಚಿನವರ ಹೆಸರು ಎಲ್ಲೂ ಇಲ್ಲ. ಅವರ ಕೈಕೆಲಸ ಉಳಿದಿರೋದು ಆ ಬಿಟ್‌ಗಳಲ್ಲಿ ಮಾತ್ರ. ಅದನ್ನೂ ನಾವು ನಮ್ಮ ಅನುಕೂಲಕ್ಕೆ ಅಳಿಸಿ ಹಾಕಿದರೆ ಅವರಿಗೆ ಉಳಿಯೋದೇನು?

ಒಂದು ಬಿಟ್ ಕಲಿಯೋದು ಅಂದರೆ ಏನು ಅಂತ ಹೇಳುತ್ತೇನೆ, ಯಾಕೆಂದರೆ ಹೊರಗಿನವರಿಗೆ ಇದು ಗೊತ್ತಾಗೋದಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಹಾಡಿನ ವೇಗ ಅರ್ಧಕ್ಕೆ ಇಳಿಸಿ ಕೇಳಬೇಕು. ಮೊದಲ ಸಲ ಪಿಟೀಲಷ್ಟೇ ಕೇಳುತ್ತೆ. ಮತ್ತೆ ಮತ್ತೆ ಕೇಳಿದಾಗ, ಅದರ ಕೆಳಗೆ ಬೇಸ್ ಗಿಟಾರ್ ತನ್ನದೇ ಬೇರೆ ದಾರಿಯಲ್ಲಿ ನಡೆದಿರೋದು ಗೊತ್ತಾಗುತ್ತೆ. ಇನ್ನೂ ಕೇಳಿದರೆ, ಪಿಟೀಲು ಬಿಟ್ಟ ಕಡೆ ಕೊಳಲು ಹಿಡಿದುಕೊಂಡು, ಮೆಲ್ಲಗೆ ಇಳಿದು, ಹಾಡುವವರನ್ನು ಚರಣದ ಮೊದಲ ಸ್ವರದ ಹತ್ತಿರಕ್ಕೇ ತಂದು ಬಿಟ್ಟಿರುತ್ತೆ. ಹಾಡುವವರಿಗೆ ಆಗ ಶ್ರುತಿ ಹುಡುಕುವ ಕಷ್ಟವೇ ಇಲ್ಲ. ಬಿಟ್ ಬದಲಾದರೆ ಎತ್ತುಗಡೆಯೂ ಎಡವುತ್ತೆ. ಇದನ್ನೆಲ್ಲ ಯೋಚನೆ ಮಾಡಿಯೇ ಬರೆದಿದ್ದಾರೆ, ಸುಮ್ನೆ ಜಾಗ ತುಂಬಿಸೋಕೆ ಬರೆದಿದ್ದಲ್ಲ.

'ನಾವು ನಮ್ಮ ಸ್ಟೈಲ್‌ನಲ್ಲಿ ಮಾಡ್ತೀವಿ' ಅನ್ನುವ ಹುಡುಗರನ್ನು ನೋಡುತ್ತಾ ಬಂದಿದ್ದೇನೆ. ಹತ್ತರಲ್ಲಿ ಎಂಟು ಜನ ಒರಿಜಿನಲ್ ಕಲಿತೇ ಇರೋದಿಲ್ಲ. ಗಿಟಾರಿನಲ್ಲಿ ನಾಲ್ಕು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹಿಡಿದು, ಹಾಡನ್ನು ನಿಧಾನ ಮಾಡಿ, ದನಿಗೆ ಎಕೋ ಹಾಕಿದರೆ ಅದು ಸ್ಟೈಲ್ ಆಗಿಬಿಡುತ್ತಾ? ಮೊದಲು ಇದ್ದ ಹಾಗೆ ನುಡಿಸಿ ತೋರಿಸಲಿ. ಆಮೇಲೆ ಬದಲಾಯಿಸೋ ಮಾತು.

ಇಳಯರಾಜ 2024ರ ಯುವ ದಸರಾಗೆ ಉತ್ತನಹಳ್ಳಿಗೆ ಬಂದಿದ್ದರು. ಬರೆದ ಸ್ವರ ಬಿಟ್ಟು ಆಚೀಚೆ ಹೋಗೋದನ್ನು ಅವರು ಒಪ್ಪೋದಿಲ್ಲ ಅನ್ನೋದು ಎಲ್ಲರಿಗೂ ಗೊತ್ತು. ಅವರ ಸಂಗೀತದ 'ಗೀತಾ', 'ಪಲ್ಲವಿ ಅನುಪಲ್ಲವಿ' ಕ್ಯಾಸೆಟ್ ತೇಯುವವರೆಗೆ ಕೇಳಿದ ಜನಕ್ಕೆ ಬೇಕಾಗಿರೋದೂ ಅದೇ. ಕಾನೂನು ಕೂಡ ಹೆಚ್ಚೂಕಡಿಮೆ ಇದೇ ಕಡೆ ಇದೆ. ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಸೇರಿಸಿದ 31ಸಿ ಕಲಮಿನ ದಾರಿಯಲ್ಲಿ ಕವರ್, ಅಂದರೆ ಈಗಾಗಲೇ ಬಂದ ಹಾಡನ್ನು ಮತ್ತೆ ಹಾಡಿಸಿ ರೆಕಾರ್ಡ್ ಮಾಡಬೇಕಾದರೆ, ಮೊದಲ ರೆಕಾರ್ಡಿಂಗ್ ಆದ ವರ್ಷ ಕಳೆದು ಐದು ವರ್ಷ ಕಾಯಬೇಕು. ಹಕ್ಕು ಇರುವವರು ಒಪ್ಪದ ಬದಲಾವಣೆಯನ್ನು, ತಾಂತ್ರಿಕವಾಗಿ ಬೇಕೇ ಬೇಕು ಅನ್ನೋ ಹಾಗಿದ್ದರೆ ಹೊರತು, ಮಾಡುವಂತಿಲ್ಲ. ನಾಡಗೀತೆಯನ್ನೇ ನೋಡಿ. ಒಬ್ಬೊಬ್ಬರು ಒಂದೊಂದು ಥರ ಹಾಡಿ ಗೊಂದಲ ಆಗಿದ್ದಕ್ಕೇ ಅಲ್ವಾ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ಗೊತ್ತು ಮಾಡಿದ್ದು? ಎಲ್ಲರಿಗೂ ಸೇರಿದ ಹಾಡಿಗೆ ಒಂದು ರೂಪ ಇರಬೇಕು. ಜನರ ಬಾಯಲ್ಲಿ ಐವತ್ತು ವರ್ಷ ಉಳಿದ ಸಿನಿಮಾ ಹಾಡೂ ಎಲ್ಲರಿಗೂ ಸೇರಿದ್ದೇ.

ವಿರೋಧ: ಹಾಡು ಉಳಿಯಲಿ, ರೆಕಾರ್ಡ್ ಪೆಟ್ಟಿಗೆಯಲ್ಲಿರಲಿ

ಮೈಸೂರಿನ ಅಣ್ಣನ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. ಬಿಟ್ ಕಲಿಯದೇ 'ಸ್ಟೈಲ್' ಅನ್ನೋದು ಮೋಸ. ಕಲಿಯಲೇಬೇಕು. ಆದರೆ ಕಲಿತಿದ್ದನ್ನು ಪ್ರತೀ ವೇದಿಕೆಯಲ್ಲೂ ಹಾಗೇ ಒಪ್ಪಿಸಬೇಕು ಅನ್ನೋದಿದೆಯಲ್ಲ, ಅಲ್ಲಿ ನನ್ನ ತಕರಾರು.

ರೆಕಾರ್ಡ್ ಅಂದರೆ ಯಾವುದಣ್ಣ? ಹಳೇ 78 ಆರ್‌ಪಿಎಂ ಪ್ಲೇಟಿನ ಒಂದು ಬದಿಗೆ ಸುಮಾರು ಮೂರು ನಿಮಿಷ ಹಿಡಿಯುತ್ತಿತ್ತು. ಅಷ್ಟಕ್ಕೆ ಹಾಡನ್ನು ಕೂರಿಸಬೇಕಿತ್ತು. ಎಷ್ಟೋ ಹಾಡು ಸಿನಿಮಾದಲ್ಲಿ ಒಂದು ಅಳತೆ, ರೆಕಾರ್ಡಿನಲ್ಲಿ ಇನ್ನೊಂದು ಅಳತೆ. ಕೊನೆಯ ವಿಷಯ ಅಂತೂ ಕೇಳಲೇ ಬೇಡಿ. ಪಲ್ಲವಿ ತಿರುಗಿ ತಿರುಗಿ ಬರುತ್ತಾ ದನಿ ಸಣ್ಣಗಾಗಿ ಹಾಗೇ ಕರಗಿ ಹೋಗುತ್ತೆ. ಅದು ಸ್ಟುಡಿಯೋದಲ್ಲಿ ವಾಲ್ಯೂಮ್ ಇಳಿಸಿದ್ದು. ವೇದಿಕೆಯ ಮೇಲೆ ಅದನ್ನು ಯಾರೂ ಮಾಡೋದಿಲ್ಲ, ತಬಲಾದವರ ಕಡೆ ಕಣ್ಣು ಹಾಯಿಸಿ, ಒಂದು ಮುಕ್ತಾಯ ಕಟ್ಟಿ ನಿಲ್ಲಿಸುತ್ತೇವೆ. ಆ ಮುಕ್ತಾಯ ಯಾವ ರೆಕಾರ್ಡಿನಲ್ಲೂ ಇಲ್ಲ. ಆದರೂ ಜನ ಚಪ್ಪಾಳೆ ಹೊಡೀತಾರೆ.

ಇದ್ದ ಹಾಗೇ ಬರಬೇಕು ಅನ್ನೋ ಹಠ ನಮ್ಮ ಕಡೆ ಎಲ್ಲಿಗೆ ತಂದು ನಿಲ್ಲಿಸಿದೆ ಅಂತ ಹೇಳುತ್ತೇನೆ. ಸ್ಟುಡಿಯೋದಲ್ಲಿ ದೊಡ್ಡ ಪಿಟೀಲು ತಂಡ ಕೂತು ನುಡಿಸಿದ್ದನ್ನು ಊರ ಹಬ್ಬಕ್ಕೆ ಬಂದ ಐದಾರು ಜನ ನುಡಿಸೋಕೆ ಆಗೋದಿಲ್ಲ. ಆಗ ಲ್ಯಾಪ್‌ಟಾಪ್ ಬರುತ್ತೆ, ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ಟ್ರ್ಯಾಕ್ ಹಾಕುತ್ತಾರೆ. ಟ್ರ್ಯಾಕ್ ಬಂದ ಮೇಲೆ ಡ್ರಮ್ಸ್ ಹುಡುಗನಿಗೆ ಕೆಲಸ ಇಲ್ಲ. ಆದರೂ ಅವನು ಕೂತಿರಬೇಕು, ವೇದಿಕೆ ತುಂಬಿದ ಹಾಗೆ ಕಾಣಬೇಕಲ್ಲ. ಕೋಲು ಮೇಲೆ ಎತ್ತುತ್ತಾನೆ, ತಮಟೆಯಷ್ಟು ಜೋರಾಗಿ ಹೊಡೆದ ಹಾಗೆ ಕಾಣುತ್ತೆ, ಚರ್ಮಕ್ಕೆ ತಾಗೋ ಹೊತ್ತಿಗೆ ಕೈ ಮೆತ್ತಗೆ ಮಾಡಿಕೊಳ್ಳುತ್ತಾನೆ. ಇದನ್ನು ಪಕ್ಕದಲ್ಲೇ ನಿಂತು ನೋಡುವಾಗ ನನಗೆ ಸಂಕಟ ಆಗುತ್ತೆ. ಚೆನ್ನಾಗಿ ನುಡಿಸೋ ಹುಡುಗ ಅವನು. ಹೆಸರಿಲ್ಲದೆ ಹೋದ ವಾದಕರ ಬಗ್ಗೆ ಅಣ್ಣ ಬರೆದಿದ್ದು ನಿಜವೇ. ಈ ಹುಡುಗನೂ ಹಾಗೇ ಹೋಗಬೇಕಾ? ನಾವೇ ನುಡಿಸೋದು ಸ್ವಲ್ಪ ತೆಳ್ಳಗೆ ಕೇಳಿದರೂ ಪರವಾಗಿಲ್ಲ, ಅವನ ಕೈಯೇ ಕೇಳಲಿ.

ನಾಡಗೀತೆಯ ಉದಾಹರಣೆ ಇಲ್ಲಿಗೆ ಹೊಂದೋದಿಲ್ಲ. ಶಾಲೆಯ ಅಂಗಳದಲ್ಲಿ ನೂರಾರು ಮಕ್ಕಳು ಒಟ್ಟಿಗೆ ಹಾಡುವ ಹಾಡಿಗೆ ಒಂದು ಧಾಟಿ, ಒಂದು ಅಳತೆ ಬೇಕು, ಸರಿ. ಅಲ್ಲೂ ಆದೇಶ ಪ್ರಶ್ನಿಸಿ ಹೈಕೋರ್ಟಿಗೆ ಹೋದವರಿದ್ದರು, ಯಾಕೆಂದರೆ ಸಿ. ಅಶ್ವಥ್ ಧಾಟಿಯೂ ಜನರ ಮನಸ್ಸಲ್ಲಿ ಅಷ್ಟೇ ಕೂತಿತ್ತು. 31ಸಿ ಮಾತಾಡೋದು ರೆಕಾರ್ಡ್ ಮಾಡಿ ಮಾರುವವರ ಬಗ್ಗೆ. ಊರ ಹಬ್ಬದ ವೇದಿಕೆ ಬೇರೆ.

ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರ 'ಮೈಸೂರು ಮಲ್ಲಿಗೆ' ಬಂದಿದ್ದು 1942ರಲ್ಲಿ. ಸಿನಿಮಾ ಬಂದಿದ್ದು 1992ರಲ್ಲಿ, ಸಂಗೀತ ಅಶ್ವಥ್ ಅವರದು. ನಡುವಿನ ಐವತ್ತು ವರ್ಷ ಆ ಪದ್ಯಗಳನ್ನು ಜನ ಹಾಡಲಿಲ್ವಾ? ಒಬ್ಬೊಬ್ಬರು ಒಂದೊಂದು ರಾಗಕ್ಕೆ ಹಾಕಿಕೊಂಡು ಹಾಡಿದರು. ಶಿಶುನಾಳ ಷರೀಫರ ತತ್ವಪದಗಳೂ ಅಷ್ಟೇ. 'ಕೋಡಗನ ಕೋಳಿ ನುಂಗಿತ್ತಾ' ಅಂದ ಕೂಡಲೇ ಇವತ್ತು ನಮಗೆ ಅಶ್ವಥ್ ದನಿ ಕೇಳುತ್ತೆ, ಆದರೆ ಅವರಿಗಿಂತ ಮುಂಚೆ ಭಜನೆಯವರು ಎಷ್ಟು ಕಾಲದಿಂದ ಹಾಡುತ್ತಿದ್ದರು! ಹಳೆಯದು ಇದ್ದ ಹಾಗೇ ಇರಲಿ ಅಂತ ಅಶ್ವಥ್ ಸುಮ್ಮನೆ ಕೂತಿದ್ದರೆ ನಮಗೆ ಆ ಹಾಡು ಹೀಗೆ ಸಿಗುತ್ತಲೇ ಇರಲಿಲ್ಲ.

ನಮ್ಮ ಸೀಮೆಯ ಹಾಡಿಕೆಯೇ ಹಾಗೆ. ಮಾದಪ್ಪನ ಕಾವ್ಯ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಕೂತ ಜನ ನೋಡಿ ಕತೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಜನ ನಕ್ಕ ಕಡೆ ನಿಲ್ಲುತ್ತಾರೆ, ಅತ್ತ ಕಡೆ ಇನ್ನೊಂದು ಸಲ ಎಳೆಯುತ್ತಾರೆ. ಹಿಂದೆ ಕೂತವರು ಸೊಲ್ಲು (ಮತ್ತೆ ಮತ್ತೆ ಬರುವ ಸಾಲು) ಹಿಡಿದಿರುವವರೆಗೆ ಮುಂದೆ ಹಾಡುವವರಿಗೆ ಎಲ್ಲಿಗೆ ಬೇಕಾದರೂ ಹೋಗಿ ಬರುವ ಸ್ವಾತಂತ್ರ್ಯ. ಅದನ್ನು ಕೇಳಿ ಬೆಳೆದವರು ನಾವು. ಹೊರಗಿನದೇ ಬೇಕು ಅಂದರೆ, ಬಾಬ್ ಡಿಲನ್ 1967ರಲ್ಲಿ ಹಾಡಿದ 'ಆಲ್ ಅಲಾಂಗ್ ದ ವಾಚ್‌ಟವರ್' ಹಾಡನ್ನು ಮರು ವರ್ಷ ಜಿಮಿ ಹೆಂಡ್ರಿಕ್ಸ್ ಗಿಟಾರಿನಲ್ಲಿ ಪೂರ್ತಿ ಬೇರೆ ಮಾಡಿಬಿಟ್ಟ. ಆಮೇಲೆ ವೇದಿಕೆ ಮೇಲೆ ಡಿಲನ್ನೇ ಆ ಕಡೆಗೆ ವಾಲಿದ.

ಇನ್ನೊಂದು ವಿಷಯ, ಇದು ನನಗೆ ಜಾಸ್ತಿ ನೋವು ಕೊಡೋದು. ಒಂದು ಕಾರ್ಯಕ್ರಮದಲ್ಲಿ ಪಿ.ಬಿ. ಶ್ರೀನಿವಾಸ್ ಅವರ 'ಆಕಾಶವೆ ಬೀಳಲಿ ಮೇಲೆ' ಹಾಡುತ್ತೇನೆ ಅಂದೆ. 'ಅದು ಗಂಡಸಿನ ಹಾಡು ಕಣಮ್ಮ, ಜಾನಕಿ ಅಮ್ಮಂದು ಯಾವುದಾದ್ರೂ ಹೇಳು' ಅಂದರು ಆಯೋಜಕರು. ಜಾನಕಿ ಅಮ್ಮನ ಹಾಡು ನನಗೆ ಪ್ರಾಣ. ಆದರೆ ಅವರ ಹಾಗೆ ಹಾಡು, ಅವರದನ್ನೇ ಹಾಡು ಅಂತ ಹೇಳಿ ಹೇಳಿ ನಮ್ಮ ಹುಡುಗಿಯರ ಸ್ವಂತ ದನಿ ಏನು ಅಂತಲೇ ಯಾರಿಗೂ ಗೊತ್ತಾಗದೆ ಹೋಗುತ್ತಿದೆ. ಹುಡುಗರ ಪಾಡೂ ಅದೇ, ಮೂಗಿನಲ್ಲಿ ಸ್ವಲ್ಪ ರಾಜಣ್ಣನ ದನಿ ಬಂದರೆ ಸಾಕು, ಜೀವನಪೂರ್ತಿ ಜೂನಿಯರ್ ಅಂತ ಹೆಸರು. ಅದೇ ರಾಜ್‌ಕುಮಾರ್ 1974ರ 'ಸಂಪತ್ತಿಗೆ ಸವಾಲ್'ನಲ್ಲಿ ತಾವೇ ಹಾಡಿದಾಗ, ತೆರೆ ಮೇಲೆ ಅವರಿಗೆ ಪಿ.ಬಿ.ಎಸ್. ದನಿಯನ್ನೇ ಕೇಳಿ ರೂಢಿಯಾಗಿದ್ದ ಜನ ಬೇಡ ಅಂದರಾ?

ನಾನು 'ಆಕಾಶವೆ ಬೀಳಲಿ ಮೇಲೆ' ಹಾಡಬೇಕಾದರೆ ಶ್ರುತಿ ನನ್ನ ದನಿಗೆ ಹೊಂದುವ ಹಾಗೆ ಐದೂವರೆಗೆ ಬರಬೇಕು. ಶ್ರುತಿ ಬದಲಾದರೆ ಕೊಳಲಿನವರು ಬೇರೆ ಕೊಳಲು ತೆಗೆಯಬೇಕು. ತಗ್ಗಿನಲ್ಲಿ ಹಿತವಾಗಿದ್ದ ಬಿಟ್ ಮೇಲೆ ಹೋಗಿ ಕೀರಲು ಅನ್ನಿಸಬಹುದು, ಆಗ ಅದನ್ನು ಬಿಡಬೇಕು ಇಲ್ಲವೇ ಬೇರೆ ವಾದ್ಯಕ್ಕೆ ಕೊಡಬೇಕು. ಪಲ್ಲವಿಯ ಧಾಟಿ ಮುಟ್ಟೋದಿಲ್ಲ, ಮಾತು ಒಂದಕ್ಷರ ಬದಲಾಯಿಸೋದಿಲ್ಲ. ಉಳಿದಿದ್ದು ನನಗೂ ನನ್ನ ಜೊತೆ ನುಡಿಸುವವರಿಗೂ ಬಿಟ್ಟಿದ್ದು. ಮುಂದಿನ ರಾಜ್ಯೋತ್ಸವಕ್ಕೆ ತಬಲಾ, ಗಿಟಾರ್ ಎರಡನ್ನೇ ಇಟ್ಟುಕೊಂಡು ಅದನ್ನು ಹಾಡುತ್ತೇನೆ ಅಂತ ಈಗಲೇ ಹೇಳಿದ್ದೇನೆ. ಕೀಬೋರ್ಡ್ ಇರಲೇಬೇಕು ಅಂದರೆ ಅಣ್ಣನೇ ಬರಲಿ. ಆ ಬಿಟ್‌ಗಳನ್ನು ಅವರಷ್ಟು ಬಲ್ಲವರು ಯಾರಿದ್ದಾರೆ, ನನ್ನ ಶ್ರುತಿಗೆ ತಂದು ನುಡಿಸಲಿ.