ಇಸಿಯು ಆಮೇಲೆ, ಟ್ಯೂನರ್ ಮೊದಲು

ಕಾರಿಗೆ ಟರ್ಬೊ ಕೂರಿಸಲು ಹೊರಟ ನಮ್ಮ ಉಪ್ಪಳ, ಕುಂಬಳೆ ಕಡೆಯ ಹುಡುಗರು ಹೊಸದಾಗಿ ಹಾಕುವ ಇಸಿಯು, ಅಂದರೆ ಎಂಜಿನ್ನಿನ ಪೆಟ್ರೋಲ್, ಕಿಡಿ ನಿಯಂತ್ರಿಸುವ ಕಂಪ್ಯೂಟರ್ ಡಬ್ಬಿಯ ಬಗ್ಗೆ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಹಾಲ್ಟೆಕ್ ಒಳ್ಳೆಯದೋ, ಲಿಂಕ್ ಒಳ್ಳೆಯದೋ, ಮೆಗಾಸ್ಕ್ವರ್ಟ್ ಸಾಕೋ?" ಟ್ಯೂನ್ ಮಾಡುವವರು ಯಾರು ಎಂದು ನಾನು ತಿರುಗಿ ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಅದಕ್ಕೆ ಉತ್ತರವಿಲ್ಲದಿದ್ದರೆ ಮೂರೂ ಒಂದೇ, ದುಡ್ಡು ಸುರಿದು ತಂದ ಡಬ್ಬಿ.

ಹೊಸ ಇಸಿಯುಗೆ ನಿಮ್ಮ ಎಂಜಿನ್ನಿನ ಗಂಧಗಾಳಿ ಇರುವುದಿಲ್ಲ. ಯಾವ ಆರ್‌ಪಿಎಂನಲ್ಲಿ, ಗಾಳಿ ಒಳಹೋಗುವ ಮ್ಯಾನಿಫೋಲ್ಡ್ ಕೊಳವೆಯಲ್ಲಿ ಒತ್ತಡ ಎಷ್ಟಿರುವಾಗ ಎಷ್ಟು ಪೆಟ್ರೋಲ್ ಕೊಡಬೇಕು, ಕಿಡಿ ಎಷ್ಟು ಡಿಗ್ರಿ ಮುಂಚೆ ಹಾರಬೇಕು ಎಂಬುದನ್ನು ಕೋಷ್ಟಕದಲ್ಲಿ ಒಂದೊಂದೇ ಮನೆಯಾಗಿ ತುಂಬಬೇಕು; ಅದೇ ಟ್ಯೂನಿಂಗ್. 16 ಸಾಲು, 16 ಕಂಬವೆಂದರೆ 256 ಮನೆ, ಅದೂ ಪೆಟ್ರೋಲಿಗೊಂದು, ಕಿಡಿಗೊಂದು. ನಿಮಗೆ ಸಿಗುವ ಟ್ಯೂನರ್ ಮಂಗಳೂರಿನವರಿರಲಿ, ಕೊಯಮತ್ತೂರಿನವರಿರಲಿ, ಅವರಿಗೆ ಯಾವ ಸಾಫ್ಟ್‌ವೇರ್ ಕರಗತವೋ ಆ ಡಬ್ಬಿಯನ್ನೇ ಕೊಳ್ಳಿ. ನಿಂತಲ್ಲಿಂದ ಜಿಗಿಯಲು ನೆರವಾಗುವ ಲಾಂಚ್ ಕಂಟ್ರೋಲ್ ಇದೆ ಎಂದು ಮರುಳಾಗಬೇಡಿ.

ಪಿಸ್ಟನ್‌ಗಳು ತಿರುಗಿಸುವ ದಂಡವಾದ ಕ್ರ್ಯಾಂಕಿನ ಹಲ್ಲುಚಕ್ರವನ್ನು ಅದು ಓದಬಲ್ಲುದೇ ಎಂದು ಮಾತ್ರ ತಪ್ಪದೆ ವಿಚಾರಿಸಿ. 60 ಹಲ್ಲಿನ ಜಾಗದಲ್ಲಿ ಎರಡಿಲ್ಲದ ಚಕ್ರವಾದರೆ ಚಿಂತೆಯಿಲ್ಲ. ಆ ಬಿಟ್ಟ ಜಾಗ ಸೆನ್ಸರಿನ ಮುಂದೆ ಹಾದಾಗಲೇ ಕ್ರ್ಯಾಂಕ್ ಎಲ್ಲಿದೆ ಎಂದು ಇಸಿಯುಗೆ ತಿಳಿಯುವುದು. ಸಿಲಿಂಡರುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಎಂಜಿನ್ನಾದರೆ ಲೆಕ್ಕವೇ ಬೇರೆ. ಕಿಡಿಯನ್ನು 10 ಡಿಗ್ರಿಗೆ ಕಟ್ಟಿಹಾಕಿ, ಟೈಮಿಂಗ್ ಲೈಟ್ ಹಿಡಿದು, ಪುಲ್ಲಿಯ ಗುರುತು ಅಲ್ಲೇ ನಿಂತಿದೆಯೇ ಎಂದು ನೋಡದವರ ಕೈಗೆ ಕೀ ಕೊಡಬೇಡಿ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಲ್ಲರೂ ಬಾಯಿಪಾಠ ಮಾಡಿಕೊಂಡ 14.7ರ ಗಾಳಿ-ಇಂಧನ ಅನುಪಾತ ಇದಕ್ಕೆ ಸುಮಾರು 13.5ಕ್ಕೆ ಇಳಿಯುತ್ತದೆ. ಆದ್ದರಿಂದ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ, ಲ್ಯಾಂಬ್ಡಾ (ಇಂಧನ ಯಾವುದೇ ಇರಲಿ, ಮಿಶ್ರಣ ಸರಿಸಮವಾದಾಗ 1 ತೋರಿಸುವ ಅಂಕಿ) ನೋಡಿ ಟ್ಯೂನ್ ಮಾಡಬೇಕು. ಈ ಸೆನ್ಸರಿನಲ್ಲಿ ಜಿಪುಣತನ ಮಾಡಿ ಉಳಿಸಿದ ದುಡ್ಡು ಪಿಸ್ಟನ್ ಕರಗಿದ ದಿನ ಬಡ್ಡಿ ಸಮೇತ ಹೋಗುತ್ತದೆ.

ನಮ್ಮ ಮಳೆಗಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ವಯರು ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿ ಬಿಟ್ಟರೆ, ಆಟಿ ಕಳೆದ ಮೇಲೆ ಟೇಪ್ ಬಿಚ್ಚಿ ನೋಡಿ: ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಎಂಜಿನ್ ಮಿಸ್ ಆದಾಗ ದೂರು ಬರುವುದು ಇಸಿಯು ಮೇಲೆ, ಪಾಪ! ಒಳ್ಳೆಯ ಕನೆಕ್ಟರ್ ಬಳಸಿ, ಡಬ್ಬಿಯನ್ನು ಬಾನೆಟ್ಟಿನ ಕೆಳಗಿಡದೆ ಕಾರಿನೊಳಗಿಡಿ.

ಫಿಲ್ಟರ್, ಸೈಲೆನ್ಸರ್ ಮಾತ್ರ ಬದಲಿಸಿದವರಿಗೆ ಇದಾವುದೂ ಬೇಡ. ಕಂಪನಿಯ ಇಸಿಯು ಕಿತ್ತೆಸೆದು, ಎಪ್ರಿಲ್ ಸೆಕೆಯಲ್ಲಿ ಏಸಿ ಹಾಕಿದೊಡನೆ ಐಡಲ್ ಬಿದ್ದು ನಿಂತುಹೋಗುವ ಕಾರುಗಳನ್ನು ನೋಡಿದ್ದೇನೆ.

ಇನ್ನು ಕಾನೂನು. ಕೇರಳದ್ದೇ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕಂಪನಿಯ ಮೂಲ ವಿವರಕ್ಕೆ ಹೊಂದದಂತೆ ವಾಹನ ಮಾರ್ಪಡಿಸಬಾರದೆನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಬಿಗಿಯಾಗಿ ವ್ಯಾಖ್ಯಾನಿಸಿದೆ. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಕಾರನ್ನು ಟ್ರೈಲರಿನಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ಯುವವರು ಧಾರಾಳವಾಗಿ ಕೇಳಿ, ಹೇಳುತ್ತೇನೆ. ತಲಪಾಡಿ ಹೆದ್ದಾರಿಯಲ್ಲಿ ಹಾರಿಸುವ ಯೋಚನೆಯಿರುವವರಿಗೆ ನನ್ನಲ್ಲಿ ಸಲಹೆಯಿಲ್ಲ.